ಸಂತಪದವಿಗೆ ಎದುರು ವಕೀಲ

ಸತ್ತವರನ್ನು ಹೊಗಳುವುದಕ್ಕೆ ಸನ್ನದು ಬೇಕಿಲ್ಲ. ಯಾರು ಬೇಕಾದರೂ ಎದ್ದು ನಿಂತು, ಗಂಟಲು ಸರಿಮಾಡಿಕೊಂಡು ಹೊಗಳಬಹುದು. ಆದರೆ ಆ ಕಾಲೇಜಿನವರು ಹಾಗೆ ಸುಮ್ಮನೆ ಹೊಗಳಿ ಮನೆಗೆ ಹೋಗುವ ಪೈಕಿಯಲ್ಲ. ಕಥೋಲಿಕ ಸಿಸ್ಟರುಗಳು ನಡೆಸುವ ಕಾನೂನು ಕಾಲೇಜು ಅದು. ಅಲ್ಲಿ ಹೊಗಳಿಕೆಗೂ ಎರಡು ಪಕ್ಷ ಇರಬೇಕು, ನಡುವೆ ಒಂದು ಪೀಠ ಇರಬೇಕು, ಮೇಲೆ ಒಂದು ಶಿಲುಬೆ ಇರಬೇಕು.

ಕಾಲೇಜು ಕಟ್ಟಿದ ಸಿಸ್ಟರನ್ನು ಎಲ್ಲರೂ ವಕೀಲಮ್ಮ ಎಂದೇ ಕರೆಯುತ್ತಿದ್ದರು. ಸನ್ಯಾಸಿನಿಯ ಬಿಳಿ ಉಡುಪಿನ ಮೇಲೆ ಕರಿ ಕೋಟು ಹಾಕಿಕೊಂಡು ಕೋರ್ಟಿಗೆ ಹೋಗುತ್ತಿದ್ದ ಹೆಂಗಸು. ಅವರ ಮಾತಿಗೆ ಆಕ್ಷೇಪಣೆ ಎತ್ತಿದರೆ ಪಾಪ ಸುತ್ತಿಕೊಳ್ಳುತ್ತದೇನೋ ಎಂದು ಎದುರು ವಕೀಲರು ಅರ್ಧ ಎದ್ದು ಹಾಗೇ ಕೂತುಬಿಡುತ್ತಿದ್ದರಂತೆ. ಅವರ ಕಾಲೇಜಿನಲ್ಲಿ ಮೊದಲ ವರ್ಷದ ಮೊದಲ ಪಾಠ ಸಂವಿಧಾನವಲ್ಲ, ಕರಾರು ಕಾನೂನೂ ಅಲ್ಲ. ‘ಸುಳ್ಳು ಸಾಕ್ಷಿ ಹೇಳಬೇಡ’ ಎಂಬ ದೇವರ ಕಟ್ಟಳೆ. ವಕೀಲರಾಗಲೆಂದು ಬಂದ ಮಕ್ಕಳು ಅದನ್ನು ಕೇಳಿ, ತಪ್ಪು ಕೋರ್ಸಿಗೆ ಸೇರಿಬಿಟ್ಟೆವೇನೋ ಎಂದು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಿದ್ದರು.

ವಕೀಲಮ್ಮ ತೀರಿಕೊಂಡು, ಚರ್ಚಿನ ನಿಯಮದಂತೆ ಕಾಯಬೇಕಾದಷ್ಟು ವರ್ಷ ಕಾದ ಮೇಲೆ, ಅವರಿಗೆ ಸಂತಪದವಿ ಕೊಡುವ ವಿಚಾರ ಶುರುಮಾಡಿ ಎಂದು ಬಿಷಪ್ಪರಿಗೆ ಅರ್ಜಿ ಹಾಕಬೇಕೆಂದು ಪ್ರಿನ್ಸಿಪಾಲ್ ಫಾದರ್ ನಿಶ್ಚಯಿಸಿದರು. ಅಲ್ಲಿಗೆ ನಿಂತಿದ್ದರೆ ಈ ಕಥೆ ಇರುತ್ತಿರಲಿಲ್ಲ. ಆದರೆ ಅವರೂ ಕಾನೂನು ಓದಿದವರು. ಅರ್ಜಿ ಕಳಿಸುವ ಮೊದಲು ನಮ್ಮಲ್ಲೇ ಒಂದು ವಿಚಾರಣೆ ನಡೆಸಿ ಗಟ್ಟಿಮಾಡಿಕೊಳ್ಳೋಣ, ವಿದ್ಯಾರ್ಥಿಗಳಿಗೂ ಪಾಠವಾಗುತ್ತದೆ ಎಂದರು. ಸಾಕ್ಷಿಗಳು, ಪಾಟೀಸವಾಲು, ತೀರ್ಪು ಎಲ್ಲವೂ ಇರಬೇಕು. ಪರವಾಗಿ ವಾದಿಸಲು ಹೊಸದಾಗಿ ಸೇರಿದ್ದ ಉಪನ್ಯಾಸಕಿ ಮಾತು ಮುಗಿಯುವ ಮೊದಲೇ ಕೈಯೆತ್ತಿದಳು. ವಿರುದ್ಧವಾಗಿ ವಾದಿಸುವವರು ಯಾರು ಎಂದಾಗ ಮಾತ್ರ ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಫ್ಯಾನು ಹೇಗೆ ತಿರುಗುತ್ತದೆ ಎಂಬುದರಲ್ಲಿ ಆಸಕ್ತಿ ಹುಟ್ಟಿತು.

“ನೀವೇ ಸರಿ ಮೇಷ್ಟ್ರೇ,” ಎಂದರು ಫಾದರ್.

ಅವರು ಹೇಳಿದ್ದು ವೃತ್ತಿಧರ್ಮದ ಪಾಠ ಮಾಡುವವರಿಗೆ. ವಿದ್ಯಾರ್ಥಿಗಳು ಅವರಿಗೆ ನೀತಿ ಮೇಷ್ಟ್ರು ಎಂದು ಹೆಸರಿಟ್ಟಿದ್ದರು.

“ನಾನೇ ಯಾಕೆ ಫಾದರ್?”

“ನಿಮಗೆ ಹೆಂಡತಿ ಮಕ್ಕಳಿಲ್ಲ ನೋಡಿ. ಬೈಸಿಕೊಂಡರೂ ಒಬ್ಬರೇ ಬೈಸಿಕೊಳ್ತೀರಿ.”

ಎಲ್ಲರೂ ನಕ್ಕರು. ಮೇಷ್ಟ್ರೂ ನಕ್ಕರು. ಒಂಟಿಯಾಗಿ ವಯಸ್ಸಾದವರಿಗೆ ತಮ್ಮ ಬಗೆಗಿನ ನಗೆಮಾತಿಗೆ ಎಲ್ಲರ ಜೊತೆ ಸರಿಯಾದ ಹೊತ್ತಿಗೆ ನಗುವುದು ಅಭ್ಯಾಸವಾಗಿರುತ್ತದೆ.

ಒಲ್ಲೆ ಎನ್ನುವ ಹಾಗಿರಲಿಲ್ಲ. ಅಣಕು ನ್ಯಾಯಾಲಯದಲ್ಲಿ ಬಂದ ಪಕ್ಷವನ್ನು ಬೇಡ ಎನ್ನಬಾರದು, ಹಿಡಿದ ಮೇಲೆ ಅರ್ಧಂಬರ್ಧ ವಾದಿಸಬಾರದು ಎಂಬುದು ವಕೀಲಮ್ಮನವರದೇ ಕಟ್ಟುಪಾಡು. ‘ಅರೆಮನಸ್ಸಿನ ವಾದ ಎರಡೂ ಕಡೆಗೆ ಹೇಳಿದ ಸುಳ್ಳು’ ಎನ್ನುತ್ತಿದ್ದರು. ಆ ಮಾತನ್ನು ಮೇಷ್ಟ್ರು ಅವರ ಎದುರಿಗೇ ಕೂತು ಕೇಳಿದ್ದರು, ಆಮೇಲೆ ಜೀವಮಾನವಿಡೀ ಬೇರೆಯವರಿಗೆ ಹೇಳಿದ್ದರು.

ಮೇಷ್ಟ್ರಿಗೆ ಕಾಲೇಜಿನ ಹಿಂದಿನ ಬೀದಿಯಲ್ಲಿ ಮಹಡಿಯ ಮೇಲೊಂದು ಕೋಣೆ. ಒಂದು ಮಂಚ, ಒಂದು ಕುರ್ಚಿ. ನೆಂಟರು ಯಾರಾದರೂ ಬಂದರೆ ಒಬ್ಬರು ಮಂಚದ ಮೇಲೆ ಕೂರಬೇಕಾಗಿತ್ತು, ಆ ಪ್ರಸಂಗ ಬಂದಿರಲಿಲ್ಲ. ಮಧ್ಯಾಹ್ನದ ಊಟ ಮಾತ್ರ ಕಾನ್ವೆಂಟಿನ ಊಟದ ಮನೆಯಲ್ಲಿ, ಸಿಸ್ಟರುಗಳ ಉದ್ದನೆಯ ಮೇಜಿನ ತುದಿಯಲ್ಲಿ. ವಕೀಲಮ್ಮ ಎಂದೋ ಮಾಡಿಕೊಟ್ಟ ಏರ್ಪಾಡು ಅದು. ಅವರು ಹೋದ ಮೇಲೂ ಯಾರೂ ತಪ್ಪಿಸಿರಲಿಲ್ಲ. ಅನ್ನ ಸಾಕೇ, ಕೆಮ್ಮು ಹೋಯಿತೇ, ಕೊಡೆ ತಂದಿದ್ದೀರಾ ಎಂದು ದಿನದಲ್ಲಿ ಯಾರಾದರೂ ಅವರನ್ನು ಕೇಳುತ್ತಿದ್ದುದು ಆ ಒಂದು ಜಾಗದಲ್ಲಿ.

ಎದುರು ಪಕ್ಷ ಹಿಡಿದ ಸುದ್ದಿ ಮೇಷ್ಟ್ರಿಗಿಂತ ಮೊದಲೇ ಊಟದ ಮನೆ ತಲುಪಿತ್ತು.

“ಸೈತಾನನ ವಕೀಲರಿಗೆ ಎರಡನೇ ಸಲ ಬಡಿಸಬಹುದಾ ಮದರ್?” ಎಂದು ಅಡುಗೆ ಸಿಸ್ಟರ್ ಸೌಟು ಹಿಡಿದು ಕೇಳಿದರು. ಮದರ್ ಎಂದರೆ ಕಾನ್ವೆಂಟಿನ ಹಿರಿಯರು; ಸೈತಾನನ ವಕೀಲ ಎಂದರೆ ಸಂತಪದವಿಯ ವಿಚಾರಣೆಯಲ್ಲಿ ಎದುರು ವಾದಿಸುವವನಿಗೆ ಚರ್ಚಿನವರು ಇಟ್ಟ ಹಳೆಯ ಹೆಸರು.

“ಬಡಿಸಮ್ಮ. ವಾದ ಮಾಡೋಕೆ ಶಕ್ತಿ ಬೇಕಲ್ಲ.”

ಮೊದಲ ದಿನ ಅದು ತಮಾಷೆ. ಆಮೇಲಾಮೇಲೆ ತಮಾಷೆ ನಿಂತಿತು. ಅದರ ಜೊತೆ ಕೆಮ್ಮಿನ ವಿಚಾರಣೆಯೂ ನಿಂತಿತು. ಬಡಿಸುವುದು ಬಡಿಸುತ್ತಿದ್ದರು. ಮೇಷ್ಟ್ರು ಬಂದಾಗ ಮೇಜಿನ ಆ ತುದಿಯಲ್ಲಿ ನಡೆಯುತ್ತಿದ್ದ ಮಾತು ಈ ತುದಿಗೆ ಬರುವಷ್ಟರಲ್ಲಿ ಸೊರಗಿ ಹೋಗುತ್ತಿತ್ತು. ಚೆನ್ನಾಗಿ ವಾದಿಸಿದರೆ ಈ ಮೇಜು ತಪ್ಪುತ್ತದೆ. ವಾದಿಸದಿದ್ದರೆ ಈ ಮೇಜಿಗೆ ತನ್ನನ್ನು ಕರೆದು ಕೂರಿಸಿದವರ ಪಾಠ ತಪ್ಪುತ್ತದೆ. ಎರಡರಲ್ಲಿ ಒಂದು ಹೋಗುವುದು ಅವರಿಗೆ ಗೊತ್ತಿತ್ತು, ಎರಡೂ ಬೇಕಾಗಿತ್ತು.

ಇಂಥ ಹೊತ್ತಿನಲ್ಲಿ ಬುದ್ಧಿವಂತರು ಮಧ್ಯದ ದಾರಿ ಹುಡುಕುತ್ತಾರೆ. ಮೇಷ್ಟ್ರೂ ಹುಡುಕಿದರು. ವಕೀಲಮ್ಮನವರ ಮೇಲೆ ಹೊರಿಸಬಹುದಾದ ದೊಡ್ಡ ಆಪಾದನೆ ಒಂದೇ ಇತ್ತು: ಹೆತ್ತ ತಾಯಿ ವರ್ಷಗಟ್ಟಲೆ ಹಾಸಿಗೆ ಹಿಡಿದಾಗ ಮಗಳು ಮನೆಗೆ ಹೋಗಲಿಲ್ಲ. ಇದು ಕಾನ್ವೆಂಟಿನ ಹಳಬರಿಗೆಲ್ಲ ಗೊತ್ತಿದ್ದ ಸಂಗತಿ, ಮೇಷ್ಟ್ರ ಕಿವಿಗೆ ಬಿದ್ದದ್ದು ವಕೀಲಮ್ಮ ಹೋದ ಮೇಲೆ. ಅದಕ್ಕೆ ಉತ್ತರವೂ ಗೊತ್ತಿದೆ ಎಂದು ಮೇಷ್ಟ್ರು ಎಣಿಸಿದರು. ಆ ಕಾಲದಲ್ಲಿ ಸಿಸ್ಟರುಗಳನ್ನು ಮನೆಗೆ ಬಿಡುತ್ತಿರಲಿಲ್ಲ, ನಿಯಮ ಅಷ್ಟು ಬಿಗಿ. ಆಪಾದನೆಯನ್ನು ಪೂರ್ತಿ ಬಲದಿಂದ ಎತ್ತುವುದು, ಕೊನೆಗೆ ನಿಯಮದ ಮಾತು ಸಾಕ್ಷಿಯ ಬಾಯಿಂದಲೇ ಬರುವ ಹಾಗೆ ಒಂದು ಪ್ರಶ್ನೆ ಕೇಳುವುದು. ವಕೀಲನ ಕರ್ತವ್ಯವೂ ಆಯಿತು, ವಕೀಲಮ್ಮನವರಿಗೆ ಬಾಗಿಲು ತೆರೆದಿಟ್ಟ ಹಾಗೂ ಆಯಿತು. ಉತ್ತರ ಗೊತ್ತಿಲ್ಲದ ಪ್ರಶ್ನೆಯನ್ನು ಪಾಟೀಸವಾಲಿನಲ್ಲಿ ಕೇಳಬೇಡಿ ಎಂದು ಪ್ರತಿ ವರ್ಷ ಹೇಳಿಕೊಡುವವರು ಅವರೇ. ಉತ್ತರ ಗೊತ್ತಿದೆ ಎಂದುಕೊಂಡ ಪ್ರಶ್ನೆಯ ಬಗ್ಗೆ ಆ ಪಾಠದಲ್ಲಿ ಏನೂ ಇರಲಿಲ್ಲ.

ವಿಚಾರಣೆ ಒಂದು ಶನಿವಾರ ಬೆಳಿಗ್ಗೆ. ಪೀಠದಲ್ಲಿ ಕಾಲೇಜಿನ ಹಳೆಯ ವಿದ್ಯಾರ್ಥಿ, ಈಗ ನಿವೃತ್ತರಾದ ಜಡ್ಜು, ಮಗ್ಗುಲಿಗೆ ಫಾದರ್. ಅಲ್ಲಿಯ ಪದ್ಧತಿಯಂತೆ ವಾದಕ್ಕೆ ಮೊದಲು ಎಲ್ಲರೂ ಎದ್ದು ನಿಂತು ಮೌನವಾಗಿ ಆತ್ಮಶೋಧನೆ ಮಾಡಿಕೊಂಡರು. ಹಿಂದಿನ ಸಾಲಿನ ಹುಡುಗರು ಅದೇ ಹೊತ್ತಿಗೆ ಫೋನು ಶೋಧಿಸಿಕೊಂಡರು.

ಹಳೆಯ ಗುಮಾಸ್ತೆ, ಇಬ್ಬರು ವಕೀಲರು, ಒಬ್ಬ ಬಿಡುಗಡೆಯಾದ ಕೈದಿ ಸಾಕ್ಷಿ ಹೇಳಿದರು. ಎಲ್ಲರೂ ಹೊಗಳಿದರು. ಮೇಷ್ಟ್ರು ಅವರನ್ನು ಮರ್ಯಾದೆಯಿಂದ ಒಂದೆರಡು ಪ್ರಶ್ನೆ ಕೇಳಿ ಕಳಿಸಿದರು. ಕೊನೆಗೆ ಬಂದವರು ವಕೀಲಮ್ಮನವರ ಒಡಹುಟ್ಟಿದ ತಂಗಿ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಊರಿನವರನ್ನೆಲ್ಲ ಒಬ್ಬರಿಗೊಬ್ಬರು ಜೋಡಿಸಿಕೊಟ್ಟು, ತಾವು ಯಾರಿಗೂ ಜೋಡಿಯಾಗದೆ ನಿವೃತ್ತರಾದ ಮುದುಕಿ. ಬಸ್ಸಿನಲ್ಲಿ ಬಂದಿದ್ದರು. ಕೈಚೀಲವನ್ನು ಕಟಕಟೆಯೊಳಗೂ ತೊಡೆಯ ಮೇಲೆ ಇಟ್ಟುಕೊಂಡೇ ಕೂತರು.

“ಅಮ್ಮ, ನಿಮ್ಮ ಅಕ್ಕ ಚಿಕ್ಕವರಿದ್ದಾಗ ಹೇಗಿದ್ದರು?” ಎಂದು ಹೊಸ ಮೇಡಂ ಸಿಹಿಯಾಗಿ ಕೇಳಿದಳು.

“ಜಗಳಗಂಟಿ.”

ಹಾಲ್ ನಕ್ಕಿತು. ಮೇಡಂ ಹಾಳೆ ತಿರುವಿದಳು. “ಪ್ರಾರ್ಥನೆ ಮಾಡುತ್ತಿದ್ದರಲ್ಲವೇ?”

“ಮಾಡಿಸೋಳು. ನನ್ನನ್ನ ಮೊಣಕಾಲ ಮೇಲೆ ಕೂರಿಸಿ, ತಾನು ಎದುರಿಗೆ ನಿಂತು ಮಾಡಿಸೋಳು.”

“ನ್ಯಾಯದ ಬಗ್ಗೆ ಆಗಲೇ ಒಲವಿತ್ತು ಎನ್ನಬಹುದೇ?”

“ಇತ್ತು ಇತ್ತು. ಏನು ಹಂಚಿದರೂ ಅವಳೇ ಹಂಚಬೇಕು.”

ಮೇಡಂ ಇಷ್ಟಕ್ಕೆ ಸಾಕು ಎಂದು ಕೂತಳು. ಮೇಷ್ಟ್ರು ಎದ್ದರು.

“ಅಮ್ಮ, ನಿಮ್ಮ ತಾಯಿಯವರು ಹಾಸಿಗೆ ಹಿಡಿದಾಗ ನೋಡಿಕೊಂಡವರು ಯಾರು?”

“ನಾನು. ಇನ್ಯಾರು ನೋಡ್ತಾರೆ? ಹಗಲು ಎಕ್ಸ್‌ಚೇಂಜು, ಬಂದ ಮೇಲೆ ಅಮ್ಮ.”

“ಅಕ್ಕ ಬರುತ್ತಿದ್ದರೇ?”

“ಬರ್ತೀನಿ ಅನ್ನೋಳು.”

“ನಾನು ಕೇಳಿದ್ದು ಬರುತ್ತಿದ್ದರೇ ಎಂದು.”

“ನಾನು ಹೇಳಿದ್ದೂ ಅದನ್ನೇ.”

ಜಡ್ಜು ಮೀಸೆಯೊಳಗೆ ನಕ್ಕು, “ಸಾಕ್ಷಿದಾರರು ಸ್ಪಷ್ಟವಾಗೇ ಇದ್ದಾರೆ, ಮುಂದೆ ಹೋಗಿ,” ಎಂದರು.

“ತಾಯಿಯವರ ಮಣ್ಣಿಗೆ ಬಂದರೇ?”

“ಬಂದಳು. ತುಂಬಾ ಚೆನ್ನಾಗಿ ಪ್ರಾರ್ಥನೆ ಮಾಡಿದಳು. ಅಮ್ಮನ್ನ ಒಂದು ದಿನವೂ ಬಂದು ನೋಡದೇ ಇದ್ದವರೆಲ್ಲ ಅತ್ತರು.”

ಸಿಸ್ಟರುಗಳ ಸಾಲಿನಲ್ಲಿ ಉಡುಪುಗಳು ಸರಿದಾಡಿದವು. ಆಪಾದನೆ ನಾಟಬೇಕಾಗಿತ್ತು, ನಾಟಿತು. ಇನ್ನು ಬಾಗಿಲು ತೆರೆಯಬೇಕು.

“ಅಂದರೆ ಅಮ್ಮ, ಬರಲು ಮನಸ್ಸಿದ್ದರೂ ಕಾನ್ವೆಂಟಿನ ನಿಯಮ ಬಿಡಲಿಲ್ಲ. ಆಗಿನ ಕಾಲದಲ್ಲಿ ಸಿಸ್ಟರುಗಳು ಮನೆಗೆ ಹೋಗುವ ಹಾಗಿರಲಿಲ್ಲ. ಹೌದಲ್ಲವೇ?”

“ಯಾರು ಹೇಳಿದ್ದು ನಿಮಗೆ? ಭಾನುವಾರ ಬಿಡ್ತಿದ್ರು. ಅಮ್ಮನಿಗೆ ಹುಷಾರಿಲ್ಲ ಅಂತ ಅವಳಿಗೆ ವಿಶೇಷವಾಗಿ ಅನುಮತಿ ಕೊಟ್ಟಿದ್ರು, ಪೂಜೆ ಮುಗಿದ ಮೇಲೆ ಸಂಜೆ ತನಕ. ಆಗಿನ ಮದರ್ ಖುದ್ದು ನನಗೇ ಹೇಳಿದ್ರು.”

ಇಲ್ಲಿ ಕೂತುಬಿಡಬೇಕು. ಸಾಕ್ಷಿ ಕೈತಪ್ಪಿದರೆ ‘ಇನ್ನು ಪ್ರಶ್ನೆಗಳಿಲ್ಲ’ ಎಂದು, ಬೇಕಾದದ್ದು ಸಿಕ್ಕಿತು ಎಂಬ ಮುಖ ಮಾಡಿ ಕೂರಬೇಕು. ಆ ಮುಖ ಹೇಗಿರಬೇಕೆಂದು ಮೇಷ್ಟ್ರು ತರಗತಿಯಲ್ಲಿ ಮಾಡಿ ತೋರಿಸುತ್ತಿದ್ದರು. ಆದರೆ ಭಾನುವಾರ ಎಂಬ ಮಾತು ಕೇಳಿದ ಮೇಲೆ ಅವರಿಗೆ ಕೂರಲಾಗಲಿಲ್ಲ.

“ಮತ್ತೆ... ಭಾನುವಾರ ಅವರು ಎಲ್ಲಿಗೆ ಹೋಗುತ್ತಿದ್ದರು?”

“ಎಲ್ಲಿಗೂ ಇಲ್ಲ, ಇಲ್ಲೇ ಇರ್ತಿದ್ದಳು. ಫೋನ್ ಮಾಡೋಳು. ‘ಒಬ್ಬ ಹುಡುಗ ಇದಾನೆ ಕಣೇ, ಮೊದಲ ವರ್ಷವೇ ಫೇಲಾಗಿದಾನೆ. ಹಾಸ್ಟೆಲ್ಲಿನವನು, ಹಿಂದೆ ಮುಂದೆ ಯಾರೂ ಇಲ್ಲ. ಭಾನುವಾರ ಕೂರಿಸಿಕೊಂಡು ಓದಿಸ್ತಿದೀನಿ, ಕೈಬಿಟ್ಟರೆ ಹಾಳಾಗಿ ಹೋಗ್ತಾನೆ. ಅಮ್ಮಂಗೆ ನೀನಿದೀಯ, ಅವನಿಗೆ ಯಾರಿದಾರೆ?’ ಅನ್ನೋಳು. ನನಗೂ ಸರಿ ಅನ್ನಿಸ್ತು. ಒಂದು ಜೀವ ಉಳಿಯತ್ತೆ ಅಂದ್ರೆ ಉಳೀಲಿ ಬಿಡು ಅಂದುಕೊಂಡೆ.”

ಸಿಸ್ಟರುಗಳೆಲ್ಲ ತಮ್ಮ ತಮ್ಮ ಅಂಗೈ ನೋಡಿಕೊಂಡರು. ಲೈಬ್ರರಿಯ ಪಕ್ಕದ ಕೋಣೆಯಲ್ಲಿ ಭಾನುವಾರಗಳಂದು ವಕೀಲಮ್ಮನವರ ಎದುರಿಗೆ ಕೂತಿರುತ್ತಿದ್ದ ಹುಡುಗ ಯಾರೆಂದು ಆ ಸಾಲಿನ ಹಿರಿಯರಿಗೆ ಗೊತ್ತಿತ್ತು. ಅನುಮತಿಯ ಸಂಗತಿ ಅವರಿಗೂ ಗೊತ್ತಿರಲಿಲ್ಲ. ಇಡೀ ಹಾಲಿನಲ್ಲಿ ಹುಡುಗ ಯಾರೆಂದು ತಿಳಿಯದೆ ಅವನ ಕಡೆಗೇ ನೋಡುತ್ತಿದ್ದವರು ಕಟಕಟೆಯಲ್ಲಿದ್ದ ಮುದುಕಿ.

ಮೇಷ್ಟ್ರು ಪೀಠದ ಕಡೆ ತಿರುಗಿದರು. “ಮಹಾಸ್ವಾಮಿ, ನಾನು ಈ ವಕಾಲತ್ತಿನಿಂದ ಹಿಂದೆ ಸರಿಯಬೇಕಾಗಿದೆ.”

“ಯಾಕೆ? ಚೆನ್ನಾಗೇ ನಡೀತಿದೆಯಲ್ಲ?”

“ಸಾಕ್ಷಿಯಾಗಬೇಕಾದವನು ಅದೇ ಮೊಕದ್ದಮೆಯಲ್ಲಿ ವಕೀಲನಾಗಿ ನಿಲ್ಲುವ ಹಾಗಿಲ್ಲ. ಆ ಹುಡುಗ ನಾನು.”

ನರೆತ ತಲೆಯ ಮನುಷ್ಯ ಹಾಗೆಂದದ್ದಕ್ಕೆ ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು, ಬೇರೆ ಯಾರೂ ನಗದ್ದರಿಂದ ಅದನ್ನು ಕೆಮ್ಮಾಗಿ ಮಾರ್ಪಡಿಸಿದರು. ಮೇಷ್ಟ್ರು ಕರಿ ಗೌನು ತೆಗೆದು, ಮಡಚಿ, ತಮ್ಮ ಕುರ್ಚಿಯ ಮೇಲಿಟ್ಟರು. ಮುದುಕಿ ಕಟಕಟೆಯಿಂದ ಇಳಿಯುವಾಗ, ಮೇಷ್ಟ್ರು ಹತ್ತುವಾಗ, ಇಬ್ಬರೂ ಮೆಟ್ಟಿಲ ಹತ್ತಿರ ಒಂದು ಕ್ಷಣ ಎದುರಾದರು. ಆಕೆ ಅವರನ್ನು ತಲೆಯಿಂದ ಕಾಲಿನವರೆಗೆ ನೋಡಿದರು. ಯಾವಾಗಲೋ ಕಟ್ಟಿಸಿಟ್ಟ ಮನೆಯೊಂದನ್ನು ಮೊದಲ ಸಲ ಬಂದು ನೋಡುವವರ ಹಾಗೆ.

ಹೊಸ ಮೇಡಂ ಕಣ್ಣುಗಳು ಹೊಳೆಯುತ್ತಿದ್ದವು. ಎದುರು ಪಕ್ಷದ ವಕೀಲನೇ ತನ್ನ ಪಕ್ಷದ ಸಾಕ್ಷಿಯಾಗುವುದು ಎಲ್ಲರಿಗೂ ಸಿಗುವ ಭಾಗ್ಯವಲ್ಲ.

“ಸರ್, ವಕೀಲಮ್ಮನವರು ನಿಮ್ಮ ಜೀವನವನ್ನೇ ಉಳಿಸಿದರು, ಅಲ್ಲವೇ?”

“ಮೇಡಂ,” ಎಂದರು ಜಡ್ಜು, “ಉತ್ತರವನ್ನೂ ನೀವೇ ಕೊಟ್ಟರೆ ಅವರು ಅಲ್ಲಿ ಹತ್ತಿ ಕೂತಿದ್ದು ಯಾಕೆ?”

“ಕ್ಷಮಿಸಿ ಮಹಾಸ್ವಾಮಿ. ಸರ್, ಆ ಭಾನುವಾರಗಳು ಎಲ್ಲಿಯವರೆಗೆ ನಡೆದವು?”

“ಮರುಪರೀಕ್ಷೆಯಲ್ಲಿ ನಾನು ಪಾಸಾಗುವವರೆಗೆ ಓದು ನಡೆಯಿತು. ಅದೇ ವರ್ಷ ಪಾಸಾದೆ.”

“ಆಮೇಲೆ?”

“ಆಮೇಲೆ ಅದರ ಅಗತ್ಯವಿರಲಿಲ್ಲ. ನಾನು ಚೆನ್ನಾಗೇ ಓದುತ್ತಿದ್ದೆ.”

“ಆದರೆ ಭಾನುವಾರಗಳು ನಿಲ್ಲಲಿಲ್ಲ?”

“ಇಲ್ಲ. ನಾನು ಹೋಗುತ್ತಿದ್ದೆ, ಅವರು ಇರುತ್ತಿದ್ದರು. ನಾನು ಇಲ್ಲೇ ಕೆಲಸಕ್ಕೆ ಸೇರಿದ ಮೇಲೂ. ಕೊನೆಯವರೆಗೂ.”

“ಅಷ್ಟು ವರ್ಷ ಏನು ಕಲಿಸಿದರು ಸರ್?”

“ಕಲಿಸಿದ್ದು ಕಡಿಮೆ. ಮಾತಾಡುತ್ತಿದ್ದೆವು. ತೀರ್ಪುಗಳ ವಿಷಯ, ಜಡ್ಜುಗಳ ವಿಷಯ. ಮಹಾಸ್ವಾಮಿಗಳು ಮನ್ನಿಸಬೇಕು. ತುಂಬಾ ನಗುತ್ತಿದ್ದೆವು. ಕೆಲವು ಸಲ ಏನೂ ಮಾತಾಡದೆ ಕೂತಿರುತ್ತಿದ್ದೆವು.”

“ಅನಾಥ ವಿದ್ಯಾರ್ಥಿಯೊಬ್ಬನ ಮೇಲೆ ಅವರಿಗಿದ್ದ ಕರುಣೆ ಅದು ಎಂದು...” ಮೇಡಂ ಪೀಠದ ಕಡೆ ನೋಡಿ ತಿದ್ದಿಕೊಂಡಳು. “ಅದನ್ನು ನೀವು ಏನೆಂದು ಕರೆಯುತ್ತೀರಿ?”

ಅಲ್ಲಿ ಕರುಣೆ ಎಂದಿದ್ದರೆ ಮುಗಿದಿತ್ತು. ಫಾದರ್ ಮುಂದಕ್ಕೆ ಬಾಗಿ ಆ ಮಾತಿಗಾಗಿ ಕಾಯುತ್ತಿದ್ದರು. ಮೇಷ್ಟ್ರು ಯೋಚಿಸಿ, ಪ್ರಮಾಣ ಮಾಡಿದವರು ಹೇಳಬೇಕಾದ ಹಾಗೆ ಹೇಳಿದರು.

“ಕರುಣೆ ಎಂದು ನನಗೆ ಅನ್ನಿಸಿರಲಿಲ್ಲ. ನನಗೆ ಯಾರೂ ಇರಲಿಲ್ಲ. ಅವರಿಗೂ ಯಾರೂ ಇಲ್ಲ ಎಂದುಕೊಂಡಿದ್ದೆ.”

ಪೀಠ ಎದ್ದು ಒಳಗೆ ಹೋಯಿತು. ತೀರ್ಪು ಬರಲಿಲ್ಲ, ಊಟದ ಗಂಟೆ ಬಂತು. ಕಾರಿಡಾರಿನಲ್ಲಿ ಫಾದರ್ ಮೇಷ್ಟ್ರ ಹೆಗಲ ಮೇಲೆ ಕೈಯಿಟ್ಟರು.

“ಬಂಗಾರದಂಥ ಸಾಕ್ಷ್ಯ ಮೇಷ್ಟ್ರೇ. ಆ ‘ಅಗತ್ಯವಿರಲಿಲ್ಲ’ ಅನ್ನೋ ಒಂದು ಮಾತು ಬಿಟ್ಟಿದ್ದರೆ ನೇರವಾಗಿ ಬಿಷಪ್ಪರ ಮೇಜಿಗೆ ಕಳಿಸಬಹುದಾಗಿತ್ತು.”

“ಕೇಳಿದರು ಫಾದರ್, ಹೇಳಿದೆ.”

“ಹೇಳಿದಿರಿ, ಹೇಳಿದಿರಿ. ತಪ್ಪು ಅಂತ ಯಾರಂದರು?” ಫಾದರ್ ಕೈ ತೆಗೆದುಕೊಂಡರು. “ಅರ್ಜಿ ಸ್ವಲ್ಪ ಕಾಲ ಇಲ್ಲೇ ಇರಲಿ. ಸಂತರಿಗೆ ಅವಸರ ಇರೋದಿಲ್ಲ.”

ಊಟದ ಮನೆಯಲ್ಲಿ ವಕೀಲಮ್ಮನವರ ತಂಗಿಯನ್ನು ಮೇಜಿನ ನಡುವೆ, ಮದರ್ ಪಕ್ಕದಲ್ಲಿ ಕೂರಿಸಿದ್ದರು. ಮೇಷ್ಟ್ರು ಬಂದದ್ದೇ ಆಕೆ ತಮ್ಮ ತಟ್ಟೆ ಎತ್ತಿಕೊಂಡು, ಚೀಲ ಹೆಗಲಿಗೆ ಹಾಕಿಕೊಂಡು, ತುದಿಗೆ ಬಂದು ಅವರ ಎದುರಿಗೆ ಕೂತರು.

“ನನ್ನ ಅಕ್ಕನ್ನ ನನ್ನ ಬಾಯಿಂದಲೇ ಬೈಸಿದೆಯಲ್ಲ,” ಎಂದರು ಮುದುಕಿ. ಕಟಕಟೆಯ ‘ನೀವು’ ಕಟಕಟೆಯಲ್ಲೇ ಉಳಿದಿತ್ತು.

“ತಪ್ಪಾಯಿತಮ್ಮ. ನಾನು ಬೇರೆ ಉತ್ತರ ಬರುತ್ತೆ ಅಂದುಕೊಂಡಿದ್ದೆ.”

“ಅದು ಹೋಗಲಿ ಬಿಡು. ಅದು ನಿನ್ನ ಕೆಲಸ.” ಆಕೆ ಅನ್ನ ಕಲಸಿದರು, ತಿನ್ನಲಿಲ್ಲ. “ಆದರೆ ನಾನು ಒಂದು ಸಮಾಧಾನ ಇಟ್ಕೊಂಡಿದ್ದೆ ಕಣಪ್ಪ. ಅಮ್ಮನ್ನ ಮಗ್ಗುಲು ತಿರುಗಿಸಿ ಮಲಗಿಸೋವಾಗ ಸೊಂಟ ಬಿದ್ದುಹೋಗೋದು. ಆವಾಗೆಲ್ಲ ಆ ಹುಡುಗನ್ನ ನೆನೆಸ್ಕೊಳ್ತಿದ್ದೆ. ಮುಖ ನೋಡಿಲ್ಲ, ಹೆಸರು ಗೊತ್ತಿಲ್ಲ. ಓದಲಿ, ಉದ್ಧಾರ ಆಗಲಿ, ನನ್ನ ಭಾನುವಾರ ಅವನಿಗೆ ಅಂತ. ಜಪಸರ ಹಿಡಿದಾಗ ನಿನಗೂ ಒಂದು ಮಣಿ ಇತ್ತು. ಈಗ ನೋಡಿದ್ರೆ ನೀನು ಅದೇ ವರ್ಷ ಪಾಸಾಗಿದೀಯ.”

ಪಾಸಾದದ್ದಕ್ಕೆ ಕ್ಷಮೆ ಕೇಳುವುದು ಹೇಗೆಂದು ಮೇಷ್ಟ್ರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

“ಇನ್ನೊಂದು ಮಾತು ಅಂದೆಯಲ್ಲ, ಅವಳಿಗೂ ಯಾರೂ ಇಲ್ಲ ಅಂದುಕೊಂಡಿದ್ದೆ ಅಂತ.”

“ಹೌದಮ್ಮ.”

“ಅಷ್ಟು ವರ್ಷ ಮಾತಾಡಿದೀರಿ. ನಕ್ಕಿದೀರಿ. ನನ್ನ ವಿಷಯ ಎತ್ತಲೇ ಇಲ್ವಾ ಅವಳು? ತಂಗಿ ಇದಾಳೆ ಅಂತ ಕೂಡ? ಒಂದು ಸಲಾನೂ?”

ಮೇಜಿನ ಉದ್ದಕ್ಕೂ ಕೈಗಳು ನಿಂತವು. ಅಲ್ಲಿ ಪೀಠವಿರಲಿಲ್ಲ, ಪ್ರಮಾಣವಿರಲಿಲ್ಲ. ‘ಎಷ್ಟೋ ಸಲ ಹೇಳ್ತಿದ್ರು’ ಎಂದರೆ ಆ ಮೇಜಿನಲ್ಲಿ ಯಾರೂ ಪಾಟೀಸವಾಲು ಮಾಡುತ್ತಿರಲಿಲ್ಲ. ಅಡುಗೆ ಸಿಸ್ಟರಂತೂ ಓಡಿಬಂದು ಬಡಿಸುತ್ತಿದ್ದರು. ಅದು ಬೇಡವೆಂದರೆ ಇನ್ನೊಂದಿತ್ತು. ಅರ್ಧ ಬಾಯಲ್ಲಿ ಹೇಳಿ ಅರ್ಧ ಮನಸ್ಸಲ್ಲಿ ಇಟ್ಟುಕೊಳ್ಳುವ ಉತ್ತರಗಳನ್ನು ಹಿಂದಿನ ಕಾಲದ ಧರ್ಮಪಂಡಿತರು ಬಗೆಬಗೆಯಾಗಿ ಯೋಚಿಸಿಟ್ಟಿದ್ದರು. ಮೇಷ್ಟ್ರು ಆ ಪಾಠವನ್ನೂ ಮಾಡುತ್ತಿದ್ದರು. ‘ಮನೆಯ ಮಾತು ತೆಗೆಯುವುದು ಅವರಿಗೆ ಕಷ್ಟವಾಗುತ್ತಿತ್ತು’ ಎನ್ನಬಹುದಾಗಿತ್ತು. ಬಹುಶಃ ನಿಜವೂ ಆಗಿತ್ತೇನೋ. ಅವರು ಮುದುಕಿಯ ಮುಖ ನೋಡಿದರು. ಒಂದು ಕಡೆಯ ಮಾತನ್ನು ಇನ್ನೊಂದು ಕಡೆಗೆ ಮುಟ್ಟಿಸಿಯೇ ಬದುಕಿದವರು. ತಂತಿಯ ಆ ತುದಿಯಲ್ಲಿ ಯಾರಿದ್ದಾರೆ, ಯಾರಿಲ್ಲ ಎಂಬುದು ಉಸಿರಿನಲ್ಲೇ ತಿಳಿದುಬಿಡುವವರು.

“ಇಲ್ಲಮ್ಮ,” ಎಂದರು. “ಒಂದು ಸಲವೂ ಇಲ್ಲ.”

ಆಕೆ ತಲೆಯಾಡಿಸಿದರು. ನೀರು ಕುಡಿದು, ಲೋಟವನ್ನು ಸದ್ದಾಗದ ಹಾಗೆ ಕೆಳಗಿಟ್ಟರು.

“ಹಾಗಾದ್ರೆ ನೀನು ಅಂದುಕೊಂಡಿದ್ದೇ ಸರಿ. ಅವಳಿಗೆ ಯಾರೂ ಇರಲಿಲ್ಲ.”

ಎದ್ದು ಕೈ ತೊಳೆದುಕೊಂಡರು. ಹೊಸ ಮೇಡಂ ಕಾರಿನಲ್ಲಿ ಬಿಡುತ್ತೇನೆಂದಳು, ಬಸ್ಸಿದೆ ಎಂದರು. ಮೇಷ್ಟ್ರು ಬಸ್ ನಿಲ್ದಾಣದವರೆಗೆ ಬರುತ್ತೇನೆಂದು ಅರ್ಧ ಎದ್ದರು.

“ಬೇಡ,” ಎಂದರು ಮುದುಕಿ, ಚೀಲ ಸರಿಮಾಡಿಕೊಳ್ಳುತ್ತಾ. ಗದರಿದ ಹಾಗಿರಲಿಲ್ಲ, ಕರೆದ ಹಾಗೂ ಇರಲಿಲ್ಲ. “ನೀನು ಊಟ ಮಾಡು.”

ಮೇಷ್ಟ್ರು ಕೂತರು. ಸಿಸ್ಟರುಗಳು ಒಬ್ಬೊಬ್ಬರಾಗಿ ಶಿಲುಬೆಯ ಗುರುತು ಹಾಕಿಕೊಂಡು ಎದ್ದು ಹೋದರು. ಅಡುಗೆ ಸಿಸ್ಟರ್ ಆ ತುದಿಯಿಂದ ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸುತ್ತಾ ಬಂದರು, ಎದುರಿನ ತಟ್ಟೆಯಲ್ಲಿ ಕಲಸಿ ಬಿಟ್ಟಿದ್ದ ಅನ್ನವನ್ನು ಬಳಿದು ತೆಗೆದರು. ಮೇಷ್ಟ್ರ ತಟ್ಟೆಯ ಹತ್ತಿರ ಒಂದು ಕ್ಷಣ ನಿಂತು, ಅದರಲ್ಲಿ ಇನ್ನೂ ಇರುವುದನ್ನು ನೋಡಿ, ಏನೂ ಕೇಳದೆ ಒಳಗೆ ಹೋದರು. ಹೇಳಿದ ಮಾತು ಕೇಳುವವರು ಮೇಷ್ಟ್ರು. ನಿಧಾನವಾಗಿ, ಕೊನೆಯ ತುತ್ತಿನವರೆಗೂ ಊಟ ಮಾಡಿದರು.